ಕಡತಶೋಧದಲ್ಲಿ ಪ್ರಗತಿಸೂಚನೆ

ಗಣಕಯಂತ್ರದ ಸಂಗ್ರಹದಲ್ಲಿ ಯಾವುದೋ ಒಂದು ಫೋಲ್ಡರಿನಿಂದ ಹೊರಟು, ಅದರೊಳಗಿನ ಫೋಲ್ಡರುಗಳನ್ನೂ ಅವುಗಳ ಒಳಗೆ ಅಡಗಿರುವ ಮತ್ತಷ್ಟನ್ನೂ ಒಂದೊಂದಾಗಿ ಪ್ರವೇಶಿಸಿ, ಗೊತ್ತಾದ ಹೆಸರನ್ನೋ ಪದವನ್ನೋ ಹೊಂದಿರುವ ಕಡತಗಳನ್ನು ಅರಸುವ ಕ್ರಿಯೆಗೆ ರಿಕರ್ಸಿವ್ ಕಡತಶೋಧವೆಂದು ಹೆಸರು. ಆ ಶೋಧ ನಡೆಯುತ್ತಿರುವಾಗ ಕೆಲಸ ಎಲ್ಲಿಯವರೆಗೆ ಬಂದಿದೆ, ಎಷ್ಟು ಕಡತಗಳ ಪರೀಕ್ಷೆ ಮುಗಿಯಿತು, ದೊರೆತವು ಎಷ್ಟು, ಉಳಿದಿರುವುದು ಎಷ್ಟಿದ್ದೀತು ಎಂಬ ಸಂಗತಿಗಳನ್ನು ಬಳಕೆದಾರನಿಗೆ ಆಗಿಂದಾಗ್ಗೆ ನಿವೇದಿಸುವ ವ್ಯವಸ್ಥೆಯೇ ಪ್ರಗತಿಸೂಚನೆ. ಏರುವ ಸಂಖ್ಯೆ, ಬದಲಾಗುವ ಪಥ, ಕಳೆದ ಕಾಲ, ಶೇಕಡಾ ಪ್ರಮಾಣ, ತುಂಬುತ್ತ ಹೋಗುವ ಪಟ್ಟಿ ಇವುಗಳಲ್ಲಿ ಯಾವುದಾದರೂ ಅದರ ರೂಪವಾಗಬಹುದು. ಮೇಲ್ನೋಟಕ್ಕೆ ಇದು ಪರದೆಯ ಅಲಂಕಾರಕ್ಕೆ ಸೇರಿದ ವಿಷಯವೆಂದು ತೋರಿದರೂ ಇದರ ಬುಡದಲ್ಲಿ ಗಣಿತದ ನಿಜವಾದ ತೊಡಕೊಂದಿದೆ. ವೃಕ್ಷಾಕಾರದ ರಚನೆಯೊಂದನ್ನು ಪೂರ್ತಿಯಾಗಿ ಸುತ್ತಿ ಬರುವವರೆಗೆ ಅದರ ಗಾತ್ರವನ್ನು ನಿಶ್ಚಯವಾಗಿ ಅರಿಯಲು ಸರ್ವತ್ರ ಅನ್ವಯಿಸುವ ಉಪಾಯವಿಲ್ಲ. ಮೊತ್ತವನ್ನರಿಯದೆ ಅದರ ಇಂತಿಷ್ಟು ಭಾಗ ಮುಗಿಯಿತೆಂದು ನಿಖರವಾಗಿ ಹೇಳುವುದೂ ಸಾಧ್ಯವಿಲ್ಲ. ತಿಳಿಯದುದನ್ನು ಕುರಿತು ಸತ್ಯವಾಗಿ ಎಷ್ಟನ್ನು ಹೇಳಬಹುದೆಂಬ ಈ ಪ್ರಶ್ನೆಗೆ ಪ್ರೋಗ್ರಾಮರುಗಳು ಕಾಲಕಾಲಕ್ಕೆ ಕೊಟ್ಟ ಉತ್ತರಗಳೇ ಪ್ರಸ್ತುತ ಲೇಖನದ ವಸ್ತು.

ಕಡತಗಳನ್ನು ವೃಕ್ಷರೂಪದಲ್ಲಿ ಜೋಡಿಸುವ ಕ್ರಮವನ್ನು ಸಾಂಗವಾಗಿ ನಿರೂಪಿಸಿದವರು ರಾಬರ್ಟ್ ಡೇಲಿ ಮತ್ತು ಪೀಟರ್ ನ್ಯೂಮನ್. ಮಲ್ಟಿಕ್ಸ್ ಎಂಬ ಕಾರ್ಯವ್ಯವಸ್ಥೆಗಾಗಿ ಅವರು ಸಿದ್ಧಪಡಿಸಿದ ಪ್ರಬಂಧ 1965ರಲ್ಲಿ ಪ್ರಕಟವಾಯಿತು. ಒಂದು ಡೈರೆಕ್ಟರಿಯೊಳಗೆ ಕಡತಗಳೂ ಇರಬಹುದು, ಬೇರೆ ಡೈರೆಕ್ಟರಿಗಳೂ ಇರಬಹುದು ಎಂಬ ಆ ಸರಳವಾದ ನಿಯಮ ಬೆಲ್ ಪ್ರಯೋಗಾಲಯದ ಯೂನಿಕ್ಸ್‌ಗೆ ಬಂದು, ಅಲ್ಲಿಂದ ಮುಂದೆ ಹೆಚ್ಚು ಕಡಿಮೆ ಎಲ್ಲ ಗಣಕಗಳ ಸಾಮಾನ್ಯ ಸಂಪತ್ತಾಯಿತು. ವೃಕ್ಷವಿದ್ದಮೇಲೆ ಅದರ ಕೊಂಬೆಕೊಂಬೆಯನ್ನೂ ಹುಡುಕುವ ಸಾಧನ ಬೇಕಾಗುವುದು ಸಹಜ. 1970ರ ದಶಕದಲ್ಲಿ ಯೂನಿಕ್ಸ್‌ನ ಪ್ರೋಗ್ರಾಮರ್ಸ್ ವರ್ಕ್‌ಬೆಂಚ್ ಎಂಬ ಶಾಖೆಗಾಗಿ ಡಿಕ್ ಹೈಟ್ ಎಂಬುವರು ಬರೆದ ಫೈಂಡ್ ಎಂಬ ಆಜ್ಞೆ ಈ ಕೆಲಸವನ್ನು ವಹಿಸಿಕೊಂಡಿತು. ಅದೇ ದಶಕದಲ್ಲಿ ಕೆನ್ ಥಾಂಪ್ಸನ್ ಬರೆದ ಗ್ರೆಪ್ ಕಡತದೊಳಗಿನ ಪದಗಳನ್ನು ಹುಡುಕುವ ಸಾಧನವಾಯಿತು. ಈ ಎರಡೂ ಇಂದಿಗೂ ನಿತ್ಯದ ಬಳಕೆಯಲ್ಲಿವೆ.

ಇವೆರಡರಲ್ಲಿಯೂ ಪ್ರಗತಿಸೂಚನೆಯೆಂಬುದು ಇರಲಿಲ್ಲ. ಅದಕ್ಕೆ ಕಾರಣ ಅಲಕ್ಷ್ಯವೆಂದು ತಿಳಿಯಬಾರದು. ಒಂದು ಪ್ರೋಗ್ರಾಮಿನ ಫಲಿತವನ್ನು ಪೈಪಿನ ಮೂಲಕ ಇನ್ನೊಂದಕ್ಕೆ ಉಣಿಸುವ ಯೂನಿಕ್ಸ್‌ನ ಸಂಪ್ರದಾಯದಲ್ಲಿ, ಫಲಿತದ ಸಾಲುಗಳ ನಡುವೆ “ಇಷ್ಟು ಮುಗಿಯಿತು” ಎಂಬ ಮಾತು ಸೇರಿದರೆ ಮುಂದಿನ ಪ್ರೋಗ್ರಾಮು ಅದನ್ನೂ ಒಂದು ಕಡತದ ಹೆಸರೆಂದೇ ಭಾವಿಸಿ ಕೆಟ್ಟುಹೋಗುತ್ತಿತ್ತು. ಅಲ್ಲದೆ ಆಗಿನ ಟರ್ಮಿನಲ್ಲುಗಳಲ್ಲಿ ಅನೇಕವು ಕಾಗದದ ಮೇಲೆ ಅಚ್ಚುಮಾಡುವ ಟೆಲಿಟೈಪು ಯಂತ್ರಗಳು. ಒಮ್ಮೆ ಅಚ್ಚಾದುದನ್ನು ಅಳಿಸಿ ಅದರ ಸ್ಥಾನದಲ್ಲಿ ಹೊಸ ಸಂಖ್ಯೆಯನ್ನು ಬರೆಯುವ ಮಾತೇ ಅಲ್ಲಿ ಇರಲಿಲ್ಲ. ದೋಷದ ಸಮಾಚಾರಗಳಿಗಾಗಿ ಸ್ಟ್ಯಾಂಡರ್ಡ್ ಎರರ್ ಎಂಬ ಪ್ರತ್ಯೇಕ ವಾಹಿನಿ ಯೂನಿಕ್ಸ್‌ಗೆ ಬಂದಮೇಲೆ, ಫಲಿತವನ್ನು ಕದಡದೆ ಬಳಕೆದಾರನೊಡನೆ ಮಾತನಾಡುವ ಮಾರ್ಗವೊಂದು ತೆರೆಯಿತು. ಇಂದಿಗೂ ಕಮ್ಯಾಂಡ್‌ಲೈನ್ ಪ್ರೋಗ್ರಾಮುಗಳ ಪ್ರಗತಿಸೂಚನೆ ಸಾಮಾನ್ಯವಾಗಿ ಹರಿಯುವುದು ಆ ವಾಹಿನಿಯಲ್ಲಿಯೇ.

ಇದೇ ಕಾಲದಲ್ಲಿ ಬೇರೊಂದು ಪರಂಪರೆಯಲ್ಲಿ ಹುಟ್ಟಿದ ಉಪಾಯವನ್ನು ಇಲ್ಲಿ ಗೌರವದಿಂದ ನೆನೆಯಬೇಕು. ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಸಂಸ್ಥೆಯವರು ನಿರ್ಮಿಸಿದ ಟೆನೆಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಕಂಟ್ರೋಲ್ ಕೀಲಿಯೊಡನೆ ಟಿ ಅಕ್ಷರವನ್ನು ಒತ್ತಿದರೆ, ಆ ಕ್ಷಣದಲ್ಲಿ ಯಂತ್ರ ಏನು ಮಾಡುತ್ತಿದೆಯೆಂಬುದರ ಒಂದು ಸಾಲಿನ ವರದಿ ಬರುತ್ತಿತ್ತು. ಈ ಪದ್ಧತಿ ಮುಂದೆ ಬಿಎಸ್‌ಡಿ ಯೂನಿಕ್ಸ್‌ಗೆ ಸಿಗ್‌ಇನ್ಫೋ ಎಂಬ ಸಂಕೇತವಾಗಿ ಬಂದಿತು. ಫ್ರೀಬಿಎಸ್‌ಡಿ ಮತ್ತು ಮ್ಯಾಕ್‌ಓಎಸ್‌ಗಳಲ್ಲಿ ಈಗಲೂ ಉಂಟು. ಯಂತ್ರ ತಾನಾಗಿ ವಾಚಾಳಿಯಾಗದೆ, ಕೇಳಿದಾಗ ಮಾತ್ರ ಉತ್ತರ ಕೊಡುವ ಈ ರೀತಿ, ಕಾಯುವವನ ಸಂದೇಹಕ್ಕೂ ಪೈಪಿನ ಶುಚಿತ್ವಕ್ಕೂ ಒಟ್ಟಿಗೆ ನ್ಯಾಯವನ್ನು ಸಲ್ಲಿಸುತ್ತದೆ. ಲಿನಕ್ಸ್ ಇದನ್ನು ಸ್ವೀಕರಿಸದೆ ಹೋದುದು ನಷ್ಟವೆಂದೇ ಈ ಲೇಖಕನ ಅಭಿಪ್ರಾಯ.

ಕಾಯುವವನ ಮನಸ್ಸನ್ನು ಕುರಿತ ವಿಚಾರಕ್ಕೆ ಬಂದರೆ, ಐಬಿಎಂ ಸಂಸ್ಥೆಯ ರಾಬರ್ಟ್ ಮಿಲ್ಲರ್ 1968ರಲ್ಲಿ ಮಂಡಿಸಿದ ಪ್ರಬಂಧವನ್ನು ಮೊದಲು ಹೇಳಬೇಕು. ಮನುಷ್ಯ ಮತ್ತು ಯಂತ್ರಗಳ ವ್ಯವಹಾರವನ್ನು ಒಂದು ಸಂಭಾಷಣೆಯೆಂದು ಭಾವಿಸಿ, ಬಗೆಬಗೆಯ ಸಂದರ್ಭಗಳಲ್ಲಿ ಎಷ್ಟು ವಿಳಂಬವನ್ನು ಮನಸ್ಸು ಸಹಿಸೀತೆಂದು ಅವರು ವಿವೇಚಿಸಿದರು. ಯಾಕೋಬ್ ನೀಲ್ಸನ್ 1993ರ ತಮ್ಮ ಗ್ರಂಥದಲ್ಲಿ ಅದನ್ನು ಮೂರು ಎಲ್ಲೆಗಳಿಗೆ ಇಳಿಸಿದರು: ಸೆಕೆಂಡಿನ ಹತ್ತನೆಯ ಒಂದು ಭಾಗದೊಳಗೆ ಉತ್ತರ ಬಂದರೆ ತತ್‌ಕ್ಷಣ ಬಂದಂತೆ ತೋರುತ್ತದೆ, 1 ಸೆಕೆಂಡಿನೊಳಗಾದರೆ ವಿಳಂಬ ತಿಳಿದರೂ ಯೋಚನೆಯ ಸರಣಿ ಕಡಿಯುವುದಿಲ್ಲ, 10 ಸೆಕೆಂಡುಗಳನ್ನು ಮೀರಿದರೆ ಗಮನ ಬೇರೆಡೆಗೆ ಹೋಗಿಬಿಡುತ್ತದೆಯಾದುದರಿಂದ ಎಷ್ಟು ಮುಗಿಯಿತೆಂಬ ಸೂಚನೆಯೂ ಕೆಲಸವನ್ನು ನಿಲ್ಲಿಸುವ ಸೌಕರ್ಯವೂ ಅವಶ್ಯಕ. ಗಣಕಕ್ಕೆ ಸಂಬಂಧವಿಲ್ಲದ ಕ್ಷೇತ್ರದಿಂದಲೂ ಒಂದು ಬೆಂಬಲವುಂಟು. ಸರದಿಯ ಸಾಲುಗಳ ಮನಶ್ಶಾಸ್ತ್ರವನ್ನು ಕುರಿತು ಡೇವಿಡ್ ಮೈಸ್ಟರ್ 1985ರಲ್ಲಿ ಬರೆದ ಲೇಖನದಲ್ಲಿ, ಅವಧಿ ಗೊತ್ತಿಲ್ಲದ ಕಾಯುವಿಕೆ ಅವಧಿ ಗೊತ್ತಿರುವುದಕ್ಕಿಂತಲೂ, ಕಾರಣ ತಿಳಿಯದ ಕಾಯುವಿಕೆ ಕಾರಣ ತಿಳಿದುದಕ್ಕಿಂತಲೂ ದೀರ್ಘವಾಗಿ ತೋರುತ್ತದೆಂದು ಪ್ರತಿಪಾದಿಸಲಾಗಿದೆ.

ಅದೇ 1985ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಬ್ರಾಡ್ ಮೈಯರ್ಸ್ ಪ್ರಕಟಿಸಿದ ಅಧ್ಯಯನ ಈ ವಿಷಯದ ಮೂಲಸ್ತಂಭವೆನ್ನಬಹುದು. 48 ಮಂದಿಯಿಂದ ಅವರು ದತ್ತಸಂಚಯವೊಂದರಲ್ಲಿ ಹುಡುಕಾಟಗಳನ್ನು ಮಾಡಿಸಿದರು, ಕೆಲವು ಸಲ ಶೇಕಡಾ ಪ್ರಮಾಣವನ್ನು ತೋರುವ ಪಟ್ಟಿ ಇತ್ತು, ಕೆಲವು ಸಲ ಇರಲಿಲ್ಲ, ಶೇ. 86 ಮಂದಿ ಪಟ್ಟಿಯಿರುವುದನ್ನೇ ಮೆಚ್ಚಿದರು. ಪ್ರಯೋಗಕ್ಕೆ ಅವರು ಆರಿಸಿಕೊಂಡ ಕೆಲಸ ಶೋಧವೇ ಆಗಿತ್ತೆಂಬುದು ನಮ್ಮ ವಿಷಯಕ್ಕೆ ಹತ್ತಿರವಾದ ಸಂಗತಿ. ಪಟ್ಟಿ ಅಷ್ಟೇನೂ ನಿಖರವಲ್ಲದಿದ್ದರೂ ಜನ ಬೇಸರಪಡುವುದಿಲ್ಲವೆಂದೂ ಅವರು ಕಂಡುಕೊಂಡರು. ಈ ಮಾತನ್ನು ನೆಪಮಾಡಿಕೊಂಡು ಎಷ್ಟೋ ಪ್ರೋಗ್ರಾಮರುಗಳು ಮನಬಂದ ವೇಗದಲ್ಲಿ ತುಂಬುವ ಪಟ್ಟಿಗಳನ್ನು ಬರೆದಿದ್ದಾರೆ. ಆದರೆ ಅಳತೆಯಲ್ಲಿ ಸ್ವಲ್ಪ ತಪ್ಪಿರುವುದು ಬೇರೆ, ಅಳತೆಯೇ ಇಲ್ಲದಿರುವುದು ಬೇರೆ. ಮೊದಲನೆಯದು ಮನುಷ್ಯಸಹಜವಾದ ನ್ಯೂನತೆ, ಎರಡನೆಯದು ನಂಬಿ ಕುಳಿತವನಿಗೆ ಮಾಡುವ ಮೋಸ. ಕ್ರಿಸ್ ಹ್ಯಾರಿಸನ್ ಮತ್ತು ಅವರ ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಟ್ಟಿಯ ಮೇಲಿನ ಗೆರೆಗಳನ್ನು ಹಿಮ್ಮುಖವಾಗಿ ಚಲಿಸುವಂತೆ ಮಾಡಿದರೆ ಅದೇ ಅವಧಿ ಶೇ. 11ರಷ್ಟು ಕಿರಿದಾಗಿ ಭಾಸವಾಗುತ್ತದೆಂದು ತಿಳಿದುಬಂದಿತು. ಇಂತಹ ಕೌಶಲ ತಪ್ಪಲ್ಲ; ಅದು ಅಳತೆಯ ಮೇಲಿನ ಬಣ್ಣವಾಗಿರುವವರೆಗೆ ಮಾತ್ರ.

ವೈಯಕ್ತಿಕ ಗಣಕಗಳಲ್ಲಿ ಮೊದಲು ರೂಢಿಗೆ ಬಂದ ಸೂಚನೆಗಳು ಕೇವಲ ಸಾಂಕೇತಿಕವಾದವು. 1981ರ ಜೆರಾಕ್ಸ್ ಸ್ಟಾರ್ ಗಣಕದಲ್ಲಿ ಮರಳುಗಡಿಯಾರದ ಚಿತ್ರವಿತ್ತು; 1984ರ ಮ್ಯಾಕಿಂಟಾಷ್‌ನಲ್ಲಿ ಸೂಸನ್ ಕೇರ್ ಬಿಡಿಸಿದ ಕೈಗಡಿಯಾರವಿತ್ತು; ವಿಂಡೋಸ್ 95ರ ಕಡತಶೋಧದ ಕಿಟಕಿಯಲ್ಲಿ ಭೂತಗನ್ನಡಿಯೊಂದು ಸುತ್ತುತ್ತಿತ್ತು; ವಿಂಡೋಸ್ ಎಕ್ಸ್‌ಪಿಯಲ್ಲಿ ರೋವರ್ ಎಂಬ ನಾಯಿ ಶೋಧದ ಸಂಗಾತಿಯಾಗಿ ಕುಳಿತಿತ್ತು. ಇವುಗಳಲ್ಲಿ ಒಂದು ತಾತ್ತ್ವಿಕ ದೋಷವುಂಟು. ಚಿತ್ರವನ್ನು ಆಡಿಸುವ ಗಡಿಯಾರ ಒಂದು, ಶೋಧವನ್ನು ನಡೆಸುವ ಕೆಲಸ ಇನ್ನೊಂದು ಆಗಿರುವಾಗ, ಜಾಲದ ಆಚೆಗಿರುವ ಡಿಸ್ಕು ಉತ್ತರ ಕೊಡದೆ ಶೋಧ ಸ್ತಬ್ಧವಾಗಿ ನಿಂತರೂ ಚಿತ್ರ ಮಾತ್ರ ಸುಖವಾಗಿ ಸುತ್ತುತ್ತಲೇ ಇರುತ್ತದೆ. ಚಿತ್ರ ಜೀವಂತವಾಗಿರುವುದಕ್ಕೆ ಶೋಧ ಜೀವಂತವಾಗಿರಬೇಕಾದುದಿಲ್ಲ. ಅದಕ್ಕೆ ಪ್ರತಿಯಾಗಿ ಪರೀಕ್ಷಿತವಾದ ಕಡತಗಳ ಸಂಖ್ಯೆಯೋ ಈಗ ಪ್ರವೇಶಿಸಿರುವ ಫೋಲ್ಡರಿನ ಪಥವೋ ಪರದೆಯ ಮೇಲಿದ್ದರೆ, ಕೆಲಸ ನಿಂತೊಡನೆ ಅದೂ ನಿಲ್ಲುತ್ತದೆ. ನಿಂತುದು ಯಾವ ಸ್ಥಳದಲ್ಲಿ ಎಂಬುದೂ ತಿಳಿಯುತ್ತದೆ.

ಇನ್ನು ವಿಷಯದ ಹೃದಯಸ್ಥಾನಕ್ಕೆ ಬರೋಣ. ಶೇಕಡಾ ಪ್ರಮಾಣವೆಂದರೆ ಒಂದು ಭಿನ್ನರಾಶಿ. ಅಂಶ, ಎಂದರೆ ಈವರೆಗೆ ನೋಡಿದ ಕಡತಗಳ ಸಂಖ್ಯೆ, ನಮಗೆ ಸದಾ ಗೊತ್ತು. ಛೇದ, ಎಂದರೆ ಒಟ್ಟು ಸಂಖ್ಯೆ, ಶೋಧ ಮುಗಿದಮೇಲೆಯೇ ಗೊತ್ತಾಗುವಂಥದು. ಈ ಛೇದವನ್ನು ಮೊದಲೇ ದೊರಕಿಸಿಕೊಳ್ಳುವುದಕ್ಕೆ ಇರುವ ಅತ್ಯಂತ ನೇರವಾದ ದಾರಿ ಎರಡು ಸುತ್ತು ಹಾಕುವುದು: ಮೊದಲನೆಯ ಸುತ್ತಿನಲ್ಲಿ ಎಣಿಕೆ, ಎರಡನೆಯದರಲ್ಲಿ ಶೋಧ. ಪ್ರತಿ ಕಡತವನ್ನೂ ತೆರೆದು ಅದರೊಳಗಿನ ಪದಗಳನ್ನು ಹುಡುಕುವ ಸಂದರ್ಭದಲ್ಲಿ ಇದು ವಿವೇಕವೇ ಸರಿ. ಏಕೆಂದರೆ ಹೆಸರುಗಳನ್ನು ಎಣಿಸುವ ಶ್ರಮ ಕಡತಗಳನ್ನು ಓದುವ ಶ್ರಮದೆದುರಿಗೆ ಅಲ್ಪ, ಅಲ್ಲದೆ ಎಣಿಸುವಾಗ ಓದಿದ ಡೈರೆಕ್ಟರಿಗಳು ಸ್ಮೃತಿಕೋಶದಲ್ಲಿ ಉಳಿದು ಎರಡನೆಯ ಸುತ್ತನ್ನು ಹಗುರಮಾಡುತ್ತವೆ. ಹಾಗಿದ್ದಾಗ ಕಡತಗಳ ಸಂಖ್ಯೆಗಿಂತ ಬೈಟುಗಳ ಮೊತ್ತವನ್ನೇ ಛೇದವಾಗಿಟ್ಟುಕೊಂಡರೆ ಅಳತೆ ಇನ್ನೂ ಸಮವಾಗುತ್ತದೆ. ಕೇವಲ ಹೆಸರನ್ನು ಹುಡುಕುವಾಗ ಮಾತ್ರ ಎರಡು ಸುತ್ತೆಂಬುದು ವ್ಯರ್ಥ. ಅಲ್ಲಿ ಎಣಿಕೆಯೂ ಶೋಧವೂ ಒಂದೇ ಶ್ರಮವಾಗಿರುವುದರಿಂದ, ಎಷ್ಟು ಹೊತ್ತಾದೀತೆಂದು ಹೇಳುವುದಕ್ಕೋಸ್ಕರ ಬಳಕೆದಾರನನ್ನು ಇಮ್ಮಡಿ ಕಾಯಿಸಿದಂತಾಗುತ್ತದೆ.

ಛೇದ ಬೆಳೆಯುತ್ತಿರುವಾಗಲೇ ಅದನ್ನು ಪ್ರಾಮಾಣಿಕವಾಗಿ ತೋರಿಸುವ ಕ್ರಮಕ್ಕೆ ಆರ್‌ಸಿಂಕ್ ಎಂಬ ಪ್ರೋಗ್ರಾಮು ಉತ್ತಮವಾದ ನಿದರ್ಶನ. ಕಡತಗಳನ್ನು ಒಂದು ಸ್ಥಳದಿಂದ ಇನ್ನೊಂದಕ್ಕೆ ಪ್ರತಿಮಾಡುವ ಈ ಸಾಧನ ಮೊದಮೊದಲು ಇಡೀ ವೃಕ್ಷದ ಪಟ್ಟಿಯನ್ನು ಸಿದ್ಧಪಡಿಸಿಕೊಂಡೇ ಕೆಲಸಕ್ಕೆ ತೊಡಗುತ್ತಿತ್ತು. ಲಕ್ಷಾಂತರ ಕಡತಗಳಿದ್ದಲ್ಲಿ ಮೊದಲನೆಯ ಕಡತ ಹೊರಡುವ ಮುನ್ನವೇ ಬಹಳ ಹೊತ್ತು ಕಳೆಯುತ್ತಿತ್ತು. 2008ರಲ್ಲಿ ಬಂದ 3.0.0ನೆಯ ಆವೃತ್ತಿಯಲ್ಲಿ ಪಟ್ಟಿಯನ್ನು ತುಂಡುತುಂಡಾಗಿ ಬೆಳೆಸುತ್ತಲೇ ಕೆಲಸವನ್ನೂ ನಡೆಸುವ ಪದ್ಧತಿ ಜಾರಿಗೆ ಬಂದಿತು. ಅದರಿಂದ ವಿಳಂಬ ತಪ್ಪಿತು, ಒಟ್ಟು ಸಂಖ್ಯೆ ಮಾತ್ರ ಕೈತಪ್ಪಿಹೋಯಿತು. ಮುಂದೆ ಅದರ ಕರ್ತೃಗಳು ಮಾಡಿದುದೇನೆಂದರೆ, ವೃಕ್ಷದ ಅನ್ವೇಷಣೆ ನಡೆಯುತ್ತಿರುವವರೆಗೆ ಉಳಿದ ಕಡತಗಳ ಸಂಖ್ಯೆಯ ಮುಂದೆ “ಐಆರ್-ಚೆಕ್” ಎಂಬ ಗುರುತನ್ನೂ, ಅನ್ವೇಷಣೆ ಮುಗಿದು ಒಟ್ಟು ಸಂಖ್ಯೆ ಸ್ಥಿರವಾದ ಕ್ಷಣದಿಂದ “ಟು-ಚೆಕ್” ಎಂಬ ಗುರುತನ್ನೂ ಅಚ್ಚುಮಾಡುವ ಏರ್ಪಾಡು. ಮೊದಲನೆಯ ಗುರುತು ಕಂಡಲ್ಲಿ ಆ ಸಂಖ್ಯೆ ಇನ್ನೂ ಹೆಚ್ಚೀತೆಂದು ಓದುಗನು ತಿಳಿದುಕೊಳ್ಳಬಹುದು. ಎರಡನೆಯದು ಕಂಡಲ್ಲಿ ಅದನ್ನು ನಂಬಬಹುದು. ಕೆಲವೇ ಅಕ್ಷರಗಳ ಭೇದದಿಂದ ತನ್ನ ಜ್ಞಾನದ ಮಿತಿಯನ್ನು ತಾನೇ ಒಪ್ಪಿ ಹೇಳುವ ಈ ಪದ್ಧತಿಯನ್ನು ಪ್ರಗತಿಸೂಚನೆಯ ಆದರ್ಶವೆಂದೇ ಪರಿಗಣಿಸಬಹುದಾಗಿದೆ. ದುಃಖದ ಸಂಗತಿಯೆಂದರೆ, ಇದರ ಅರ್ಥ ಕೈಪಿಡಿಯನ್ನು ಓದಿದವರಿಗಲ್ಲದೆ ಬೇರೆಯವರಿಗೆ ಹೊಳೆಯುವುದಿಲ್ಲ.

ಒಟ್ಟು ಮೊತ್ತವನ್ನು ತಿಳಿಯದೆಯೇ ಭಾಗವನ್ನು ಹೇಳುವ ಒಂದು ಜಾಣ ಮಾರ್ಗವೂ ಉಂಟು. ಬೇರಿಗೆ, ಎಂದರೆ ಶೋಧ ಹೊರಟ ಫೋಲ್ಡರಿಗೆ, ಪೂರ್ಣ ತೂಕವನ್ನು ಕೊಟ್ಟು, ಅದರ ಮಕ್ಕಳಾದ ಒಳಫೋಲ್ಡರುಗಳಿಗೆ ಅದನ್ನು ಸಮವಾಗಿ ಹಂಚಿ, ಪ್ರತಿಯೊಂದು ಮಗುವಿನ ಪಾಲನ್ನು ಅದರ ಮಕ್ಕಳಿಗೆ ಮತ್ತೆ ಹಂಚುತ್ತ ಹೋಗುವುದು. ಯಾವ ಫೋಲ್ಡರು ಮುಗಿಯಿತೋ ಅದರ ತೂಕವನ್ನು ಮೊತ್ತಕ್ಕೆ ಸೇರಿಸುವುದು. ತಂದೆಯ ಆಸ್ತಿಯನ್ನು ಮಕ್ಕಳು ಸಮಭಾಗ ಮಾಡಿಕೊಂಡು, ತಂತಮ್ಮ ಪಾಲನ್ನು ಮೊಮ್ಮಕ್ಕಳಿಗೆ ಹಂಚಿದಂತೆ ಇದರ ಲೆಕ್ಕ. ಈ ಕ್ರಮದಲ್ಲಿ ಪಟ್ಟಿ ಎಂದಿಗೂ ಹಿಂದಕ್ಕೆ ಸರಿಯುವುದಿಲ್ಲ, 100ನ್ನು ಮೀರುವುದೂ ಇಲ್ಲ, ಮುಗಿದಾಗ ಸರಿಯಾಗಿ 100ರಲ್ಲಿ ನಿಲ್ಲುತ್ತದೆ. ಆದರೆ ನಿಜವಾದ ವೃಕ್ಷಗಳು ಸಮವಾಗಿ ಬೆಳೆಯುವುದಿಲ್ಲ. ಬೇರಿನ ಕೆಳಗೆ ನಾಲ್ಕು ಫೋಲ್ಡರುಗಳಿದ್ದು, ಮೂರರಲ್ಲಿ ಹತ್ತು ಹತ್ತು ಕಡತಗಳೂ ನಾಲ್ಕನೆಯದರಲ್ಲಿ ಒಂದು ಲಕ್ಷ ಕಡತಗಳೂ ಇದ್ದರೆ, ಕಣ್ಣುಮುಚ್ಚಿ ತೆರೆಯುವುದರೊಳಗೆ ಸೂಚನೆ ಶೇ. 75ಕ್ಕೆ ನೆಗೆದು, ಉಳಿದ ಕಾಲವನ್ನೆಲ್ಲ ಕೊನೆಯ ಪಾದದಲ್ಲಿ ತೆವಳುತ್ತ ಕಳೆಯುತ್ತದೆ. ಹೀಗಾಗಿ ಇದು ವೃಕ್ಷದ ಆಕಾರವನ್ನು ಅಳೆಯುತ್ತದೆಯೇ ಹೊರತು ಕಾಲವನ್ನು ಅಳೆಯುವುದಿಲ್ಲ. ಇದೇ ತತ್ತ್ವವನ್ನು ಆಧರಿಸಿದ ಅಂದಾಜುಗಳನ್ನು ಕೃತಕ ಬುದ್ಧಿಮತ್ತೆಯ ಶೋಧವೃಕ್ಷಗಳಿಗೆ ಅನ್ವಯಿಸಿ ಫಿಲಿಪ್ ಕಿಲ್ಬಿ, ಜಾನ್ ಸ್ಲೇನಿ, ಸಿಲ್ವಿ ತಿಯೆಬೊ, ಟೋಬಿ ವಾಲ್ಷ್ ಎಂಬ ವಿದ್ವಾಂಸರು 2006ರಲ್ಲಿ ಅಧ್ಯಯನ ನಡೆಸಿದರು.

ಅವರಿಗೂ ಮೂರು ದಶಕಗಳ ಹಿಂದೆಯೇ, 1975ರಲ್ಲಿ, ಡೊನಾಲ್ಡ್ ಕ್ನೂತ್ ಅತ್ಯಂತ ಸುಂದರವಾದ ಒಂದು ವಿಧಾನವನ್ನು ಪ್ರಕಟಿಸಿದ್ದರು. ಬೇರಿನಿಂದ ಹೊರಟು ಪ್ರತಿ ಹಂತದಲ್ಲಿಯೂ ಒಂದು ಕವಲನ್ನು ಯದೃಚ್ಛೆಯಾಗಿ ಆರಿಸುತ್ತ ತುದಿಯವರೆಗೆ ಇಳಿಯುವುದು. ದಾರಿಯಲ್ಲಿ ಕಂಡ ಕವಲುಗಳ ಸಂಖ್ಯೆಗಳನ್ನು ಗುಣಿಸುತ್ತ, ಆ ಗುಣಲಬ್ಧಗಳನ್ನು ಕೂಡುತ್ತ ಹೋಗುವುದು. ಬೇರಿನಲ್ಲಿ 5 ಫೋಲ್ಡರುಗಳು, ಆರಿಸಿದುದರಲ್ಲಿ 3, ಮತ್ತೆ ಆರಿಸಿದುದರಲ್ಲಿ 2, ಅಲ್ಲಿಂದ ಮುಂದೆ ಕವಲಿಲ್ಲವೆಂದಾದರೆ, 1, 5, 15, 30 ಇವುಗಳ ಮೊತ್ತವಾದ 51 ಎಂಬುದು ಇಡೀ ವೃಕ್ಷದ ಗಾತ್ರಕ್ಕೆ ಒಂದು ಅಂದಾಜು. ಇಂತಹ ಇಳಿತಗಳನ್ನು ಹಲವು ಸಲ ಮಾಡಿ ಸರಾಸರಿ ತೆಗೆದರೆ ಅದು ಸತ್ಯದತ್ತ ಸಾಗುತ್ತದೆಂದು ಗಣಿತದಿಂದ ಸಿದ್ಧಪಡಿಸಬಹುದು. ತೊಂದರೆಯೆಂದರೆ ಅಂದಾಜುಗಳ ನಡುವಣ ಅಂತರ ಬಹು ದೊಡ್ಡದು. ಆಳವಾದ ಯಾವುದೋ ಒಂದೇ ಮೂಲೆಯಲ್ಲಿ ಕಡತಗಳ ರಾಶಿ ಬಿದ್ದಿದ್ದರೆ ಹತ್ತಿಪ್ಪತ್ತು ಇಳಿತಗಳಲ್ಲಿ ಅದು ಕಣ್ಣಿಗೆ ಬೀಳದೆಯೇ ಹೋಗಬಹುದು. ಪ್ರತಿಯೊಂದು ಇಳಿತಕ್ಕೂ ಡಿಸ್ಕಿನ ಹಲವು ಸ್ಥಳಗಳನ್ನು ಓದಬೇಕಾದುದರಿಂದ, ಒಂದು ಓದಿಗೆ ಹತ್ತು ಮಿಲಿಸೆಕೆಂಡುಗಳಷ್ಟು ತೆಗೆದುಕೊಳ್ಳುವ ತಿರುಗುವ ಡಿಸ್ಕುಗಳಲ್ಲಿ ಅಂದಾಜಿನ ವೆಚ್ಚವೂ ಅಲ್ಪವಲ್ಲ. ಕಡತಶೋಧದ ಪ್ರೋಗ್ರಾಮುಗಳಲ್ಲಿ ಈ ವಿಧಾನ ರೂಢಿಗೆ ಬಾರದೆ ಹೋದುದಕ್ಕೆ ಇವೇ ಸಾಕಾದ ಕಾರಣಗಳು.

ಕಡತವ್ಯವಸ್ಥೆಯೇ ಕೊಡುವ ಸಹಾಯಗಳನ್ನು ಸಂಕ್ಷೇಪವಾಗಿ ಹೇಳಬಹುದು. ಹಳೆಯ ಮಾದರಿಯ ಯೂನಿಕ್ಸ್ ಕಡತವ್ಯವಸ್ಥೆಗಳಲ್ಲಿ ಡೈರೆಕ್ಟರಿಯೊಂದರ ಕೊಂಡಿಗಳ ಸಂಖ್ಯೆಯಿಂದ 2ನ್ನು ಕಳೆದರೆ ಅದರೊಳಗಿನ ಉಪಡೈರೆಕ್ಟರಿಗಳ ಸಂಖ್ಯೆ ದೊರೆಯುತ್ತದೆ. ಗ್ನೂ ಫೈಂಡ್ ಇದನ್ನು ಬಳಸಿಕೊಂಡು ಅನಾವಶ್ಯಕ ವಿಚಾರಣೆಗಳನ್ನು ಉಳಿಸುತ್ತದೆ. ಬಿಟಿಆರ್‌ಎಫ್‌ಎಸ್ ಮೊದಲಾದ ಹೊಸ ವ್ಯವಸ್ಥೆಗಳಲ್ಲಿ ಆ ಸಂಖ್ಯೆ ಸದಾ 1 ಆಗಿರುವುದರಿಂದ ಈ ಉಪಾಯ ಅಲ್ಲಿ ನಡೆಯದು. ಇಡೀ ಡಿಸ್ಕನ್ನು ಬೇರಿನಿಂದಲೇ ಹುಡುಕುವಾಗಲಾದರೋ, ಬಳಕೆಯಲ್ಲಿರುವ ಐನೋಡುಗಳ, ಎಂದರೆ ಕಡತಕ್ಕೂ ಡೈರೆಕ್ಟರಿಗೂ ಒಂದೊಂದರಂತೆ ಇರುವ ದಾಖಲೆಗಳ, ಸಂಖ್ಯೆಯನ್ನು ವ್ಯವಸ್ಥೆಯಿಂದ ಒಂದೇ ಪ್ರಶ್ನೆಯಲ್ಲಿ ಪಡೆಯಬಹುದು. ಎಕ್ಸ್‌ಟಿ4ರಂತಹ ವ್ಯವಸ್ಥೆಗಳಲ್ಲಿ ಅದೇ ಒಂದು ಸಿದ್ಧವಾದ ಛೇದ. ಹಿಂದಿನ ಸಲದ ಶೋಧದಲ್ಲಿ ಕಂಡ ಒಟ್ಟು ಸಂಖ್ಯೆಯನ್ನು ಬರೆದಿಟ್ಟುಕೊಂಡು ಈ ಸಲದ ಅಂದಾಜಾಗಿ ಬಳಸುವುದೂ ಉಚಿತವೇ. “ಹಿಂದಿನ ಸಲ ಇಷ್ಟಿತ್ತು” ಎಂದು ಬಾಯಿಬಿಟ್ಟು ಹೇಳಬೇಕಷ್ಟೆ.

ಇವು ಯಾವುವೂ ಲಭ್ಯವಿಲ್ಲದಾಗ ಶೇಕಡಾ ಪ್ರಮಾಣವನ್ನು ಬಿಟ್ಟುಬಿಡುವುದೇ ಸರಿಯೆಂದು ಈ ಲೇಖಕನು ದೃಢವಾಗಿ ನಂಬುತ್ತಾನೆ. ನೋಡಿದ ಕಡತಗಳು ಇಷ್ಟು, ದೊರೆತವು ಇಷ್ಟು, ಈಗಿರುವ ಸ್ಥಳ ಇದು, ಇನ್ನೂ ಒಳಹೋಗದೆ ಕಾದಿರುವ ಫೋಲ್ಡರುಗಳು ಇಷ್ಟು ಎಂಬ ನಾಲ್ಕು ಸಂಗತಿಗಳನ್ನು ಹೇಳಿದರೆ, ಅವುಗಳಲ್ಲಿ ಒಂದೂ ಸುಳ್ಳಾಗುವುದಿಲ್ಲ. ತನ್ನ ಸಂಗ್ರಹವನ್ನು ಬಲ್ಲವನು ಅವುಗಳಿಂದಲೇ ಉಳಿದ ಕಾಲವನ್ನು ಊಹಿಸಿಕೊಳ್ಳುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ದೊರೆತ ಕಡತಗಳನ್ನು ಕೊನೆಯವರೆಗೆ ಕೂಡಿಡದೆ ದೊರೆತ ಹಾಗೆಯೇ ತೋರಿಸಬೇಕು; ಬೇಕಾದುದು ಮೂರನೆಯ ಸೆಕೆಂಡಿನಲ್ಲಿಯೇ ಕಣ್ಣಿಗೆ ಬಿದ್ದವನಿಗೆ ಪ್ರಗತಿಯ ಪ್ರಶ್ನೆಯೇ ಉಳಿಯುವುದಿಲ್ಲ. ಡಾಟ್‌ನೆಟ್ ಎಂಬ ಪ್ರೋಗ್ರಾಮಿಂಗ್ ಪರಿಸರದಲ್ಲಿ ಮೊದಲಿಗಿದ್ದ ಗೆಟ್‌ಫೈಲ್ಸ್ ಎಂಬ ವಿಧಾನ ಇಡೀ ಪಟ್ಟಿ ಸಿದ್ಧವಾಗುವವರೆಗೆ ಹಿಂದಿರುಗುತ್ತಿರಲಿಲ್ಲ. 2010ರ ನಾಲ್ಕನೆಯ ಆವೃತ್ತಿಯಲ್ಲಿ ಸೇರಿದ ಎನ್ಯೂಮರೇಟ್‌ಫೈಲ್ಸ್ ಕಡತಗಳನ್ನು ಒಂದೊಂದಾಗಿ ಕೈಗೆ ಕೊಡುತ್ತದೆ. ಪೈಥಾನಿನಲ್ಲಿ ಬೆನ್ ಹಾಯ್ಟ್ ಪ್ರಸ್ತಾವಿಸಿದ ಸ್ಕ್ಯಾನ್‌ಡಿರ್ 2015ರ 3.5ನೆಯ ಆವೃತ್ತಿಗೆ ಸೇರಿ, ಪ್ರತಿಯೊಂದು ಹೆಸರಿಗೂ ಇದು ಕಡತವೋ ಡೈರೆಕ್ಟರಿಯೋ ಎಂದು ಬೇರೆಯಾಗಿ ವಿಚಾರಿಸುವ ಅಗತ್ಯವನ್ನು ಬಹುಮಟ್ಟಿಗೆ ನೀಗಿಸಿ, ವೃಕ್ಷಸಂಚಾರವನ್ನು ಹಲವು ಪಟ್ಟು ಚುರುಕುಗೊಳಿಸಿತು.

ಪ್ರೋಗ್ರಾಮಿನ ರಚನೆಯ ದೃಷ್ಟಿಯಿಂದ ಮೊದಲನೆಯ ನಿಯಮವೆಂದರೆ ಶೋಧವೂ ಪರದೆಯ ನಿರ್ವಹಣೆಯೂ ಬೇರೆಬೇರೆ ಥ್ರೆಡ್ಡುಗಳಲ್ಲಿ, ಎಂದರೆ ಏಕಕಾಲದಲ್ಲಿ ಸಾಗುವ ಪ್ರತ್ಯೇಕ ಕಾರ್ಯಸರಣಿಗಳಲ್ಲಿ, ನಡೆಯಬೇಕೆಂಬುದು. ಕಿಟಕಿಯನ್ನು ಚಿತ್ರಿಸುವ ಥ್ರೆಡ್ಡಿನಲ್ಲಿಯೇ ಶೋಧವನ್ನೂ ನಡೆಸಿದರೆ ಕಿಟಕಿ ಹೆಪ್ಪುಗಟ್ಟಿ, ರದ್ದುಮಾಡುವ ಗುಂಡಿಯೂ ಕಿವುಡಾಗುತ್ತದೆ. ಇದಕ್ಕಾಗಿ ಡಾಟ್‌ನೆಟ್‌ನಲ್ಲಿ 2005ರಲ್ಲಿ ಬ್ಯಾಕ್‌ಗ್ರೌಂಡ್‌ವರ್ಕರ್, ಜಾವಾದಲ್ಲಿ 2006ರಲ್ಲಿ ಸ್ವಿಂಗ್‌ವರ್ಕರ್, ಮತ್ತೆ ಡಾಟ್‌ನೆಟ್‌ನಲ್ಲಿ 2012ರಲ್ಲಿ ಐಪ್ರೋಗ್ರೆಸ್ ಎಂಬ ಸಾಧನಗಳು ಬಂದವು. ಕೆಲಸ ಮಾಡುವ ಥ್ರೆಡ್ಡು ವರದಿಯನ್ನು ಒಪ್ಪಿಸುತ್ತದೆ, ಪರದೆಯ ಥ್ರೆಡ್ಡು ಅದನ್ನು ಬರೆಯುತ್ತದೆ. ಎರಡನೆಯ ನಿಯಮ ಮಿತಭಾಷಿತ್ವ. ಹತ್ತು ಲಕ್ಷ ಕಡತಗಳನ್ನು 20 ಸೆಕೆಂಡುಗಳಲ್ಲಿ ನೋಡಬಲ್ಲ ಶೋಧವೊಂದು ಕಡತಕ್ಕೊಂದರಂತೆ ವರದಿಮಾಡಿದರೆ ಶೋಧಕ್ಕಿಂತ ವರದಿಯೇ ಹೆಚ್ಚು ಕಾಲವನ್ನು ನುಂಗೀತು. ಸೆಕೆಂಡಿಗೆ ಹತ್ತರಂತೆ ವರದಿಮಾಡಿದರೆ ಒಟ್ಟು ವರದಿಗಳು 200 ಮಾತ್ರ, ಕಣ್ಣಿಗೆ ಅದಕ್ಕಿಂತ ಹೆಚ್ಚು ಬೇಕಾಗಿಲ್ಲ. ಪ್ರತಿ ನೂರು ಕಡತಗಳಿಗೊಮ್ಮೆ ಎಂಬ ಎಣಿಕೆಯ ಮಿತಿಗಿಂತ ಕಾಲದ ಮಿತಿ ಮೇಲು. ನಿಧಾನವಾದ ಜಾಲದ ಡಿಸ್ಕಿನಲ್ಲಿ ನೂರು ಕಡತಗಳಿಗೆ ಒಂದು ನಿಮಿಷವೇ ಹಿಡಿಯಬಹುದಷ್ಟೆ. ಇನ್ನೂ ಚೊಕ್ಕಟವಾದ ರೀತಿಯೆಂದರೆ, ಶೋಧದ ಥ್ರೆಡ್ಡುಗಳು ತಮ್ಮ ಎಣಿಕೆಯನ್ನು ಹಂಚಿಕೊಂಡ ಕೌಂಟರಿನಲ್ಲಿ ಏರಿಸುತ್ತ ಸುಮ್ಮನಿರುವುದು, ಪರದೆಯ ಕಡೆಯ ಟೈಮರು ಬೇಕಾದಾಗ ಬಂದು ಅದನ್ನು ಓದಿಕೊಳ್ಳುವುದು. 2016ರಲ್ಲಿ ಆಂಡ್ರ್ಯೂ ಗ್ಯಾಲಂಟ್ ಹೊರತಂದ ರಿಪ್‌ಗ್ರೆಪ್‌ನಂತಹ, ಏಕಕಾಲದಲ್ಲಿ ಅನೇಕ ಥ್ರೆಡ್ಡುಗಳಿಂದ ಹುಡುಕುವ ಸಾಧನಗಳಿಗೆ ಹೊಂದುವ ರೀತಿಯೂ ಇದೇ. ಅಲ್ಲಿ “ಈಗಿರುವ ಸ್ಥಳ” ಒಂದಲ್ಲ, ಹಲವು.

ಗಿಟ್ ಎಂಬ ಆವೃತ್ತಿನಿರ್ವಹಣೆಯ ಸಾಧನ ಈ ಸಂಯಮವನ್ನು ಚೆನ್ನಾಗಿ ಪಾಲಿಸುತ್ತದೆ. ಅದರ ಅನೇಕ ಕೆಲಸಗಳಲ್ಲಿ ಮೊದಲ 2 ಸೆಕೆಂಡುಗಳವರೆಗೆ ಸೂಚನೆಯೇ ಕಾಣಿಸಿಕೊಳ್ಳುವುದಿಲ್ಲ. ಅಷ್ಟರಲ್ಲಿ ಕೆಲಸ ಮುಗಿದರೆ ಪರದೆಯ ಮೇಲೆ ಮಿಂಚಿ ಮರೆಯಾಗುವ ಕಿರಿಕಿರಿ ತಪ್ಪುತ್ತದೆ. ಅನಂತರವೂ ಶೇಕಡಾ ಸಂಖ್ಯೆ ಬದಲಾದಾಗಲೋ ಒಂದು ಸೆಕೆಂಡು ಕಳೆದಾಗಲೋ ಮಾತ್ರ ಸಾಲು ಹೊಸದಾಗುತ್ತದೆ. ಒಟ್ಟು ಸಂಖ್ಯೆ ತಿಳಿಯದ ಹಂತದಲ್ಲಿ ಶೇಕಡಾ ಇಲ್ಲದೆ ಬರಿಯ ಎಣಿಕೆಯನ್ನೇ ತೋರಿಸುತ್ತದೆ.

ಟರ್ಮಿನಲ್ಲಿನಲ್ಲಿ ಒಂದೇ ಸಾಲನ್ನು ಮತ್ತೆ ಮತ್ತೆ ಬರೆಯುವುದಕ್ಕೆ, ಹೊಸ ಸಾಲಿಗೆ ಹೋಗದೆ ಅದೇ ಸಾಲಿನ ಆದಿಗೆ ಮರಳಿಸುವ ಕ್ಯಾರೇಜ್ ರಿಟರ್ನ್ ಎಂಬ ಸಂಕೇತ ಸಾಕು. ಆದರೆ ಎದುರಿಗಿರುವುದು ನಿಜವಾಗಿ ಟರ್ಮಿನಲ್ಲೋ ಅಥವಾ ಕಡತವೋ ಎಂದು ಮೊದಲು ವಿಚಾರಿಸಬೇಕು. ಇಲ್ಲವಾದರೆ ದಾಖಲೆಯ ಕಡತಗಳು ಸಾವಿರಾರು ಅರ್ಧ ಸಾಲುಗಳಿಂದ ತುಂಬಿಹೋಗುತ್ತವೆ. ಉದ್ದವಾದ ಪಥವನ್ನು ಪರದೆಯ ಅಗಲಕ್ಕೆ ತಕ್ಕಂತೆ ಮೊಟಕುಮಾಡುವ ಕಡೆ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. “ಕ್ಷೇತ್ರ” ಎಂಬ ಎರಡಕ್ಷರದ ಹೆಸರು ಯೂನಿಕೋಡಿನಲ್ಲಿ 7 ಸಂಕೇತಗಳು, ಯುಟಿಎಫ್-8ರಲ್ಲಿ 21 ಬೈಟುಗಳು. ಬೈಟುಗಳನ್ನೋ ಸಂಕೇತಗಳನ್ನೋ ಎಣಿಸಿ ಕತ್ತರಿಸುವ ಪ್ರೋಗ್ರಾಮು ಒತ್ತಕ್ಷರದ ನಡುವೆ ಕೊಯ್ದು, ಹೆಸರನ್ನು ಗುರುತು ಸಿಗದಂತೆ ಮಾಡುತ್ತದೆ. ಪೂರ್ಣಾಕ್ಷರದ ಗಡಿಯಲ್ಲಿಯೇ ಕತ್ತರಿಸಬೇಕು, ಅದೂ ಫೋಲ್ಡರಿನ ಮೊದಲೂ ಕಡತದ ತುದಿಯೂ ಉಳಿಯುವಂತೆ ಮಧ್ಯದಲ್ಲಿ ಕತ್ತರಿಸಬೇಕು. ಕಣ್ಣು ಕಾಣದವರ ವಿಷಯವನ್ನೂ ಮರೆಯಲಾಗದು. ವೆಬ್ ಪುಟಗಳಿಗಾಗಿ ರೂಪಿತವಾದ ಏರಿಯಾ ನಿಯಮಗಳ ಪ್ರಕಾರ, ಮೌಲ್ಯವನ್ನು ಘೋಷಿಸದ ಪ್ರಗತಿಪಟ್ಟಿಯನ್ನು ಪ್ರಮಾಣ ತಿಳಿಯದ ಪಟ್ಟಿಯೆಂದೇ ಗ್ರಹಿಸಲಾಗುತ್ತದೆ. ಅನಿಶ್ಚಯವನ್ನು ಅನಿಶ್ಚಯವೆಂದೇ ಹೇಳುವುದಕ್ಕೆ ನಿಯಮದಲ್ಲಿಯೇ ಸ್ಥಾನವಿದೆ.

ರದ್ದತಿಯೂ ದೋಷನಿವೇದನೆಯೂ ಪ್ರಗತಿಸೂಚನೆಯ ಅಂಗಗಳೇ. ನಿಲ್ಲಿಸೆಂದ ಮಾತನ್ನು ಫೋಲ್ಡರಿಗೊಮ್ಮೆ ಮಾತ್ರವಲ್ಲದೆ ದೊಡ್ಡ ಕಡತವನ್ನು ಓದುತ್ತಿರುವಾಗಲೂ ಕೇಳಿಸಿಕೊಳ್ಳಬೇಕು. ನಿಂತಮೇಲೆ ಅಲ್ಲಿಯವರೆಗೆ ದೊರೆತುದನ್ನು ಎಸೆಯದೆ ಕೊಡಬೇಕು. ಅನುಮತಿಯಿಲ್ಲದ ಫೋಲ್ಡರು ಎದುರಾದಾಗ ಫೈಂಡ್ ದೂರನ್ನು ದಾಖಲಿಸಿ ಮುಂದುವರಿಯುತ್ತದೆ. ಗೆಟ್‌ಫೈಲ್ಸ್‌ನ ಸಹಜ ಬಳಕೆಯಲ್ಲಾದರೋ ಅಂತಹ ಒಂದೇ ಫೋಲ್ಡರಿನಿಂದ ಇಡೀ ಶೋಧ ಮುರಿದುಬೀಳುತ್ತದೆ. ಸಾಂಕೇತಿಕ ಕೊಂಡಿಗಳನ್ನು ಹಿಂಬಾಲಿಸುವ ಶೋಧ, ತಾನು ಹೊರಟ ಫೋಲ್ಡರಿಗೇ ಮರಳಿ ಚಕ್ರದಲ್ಲಿ ಸಿಲುಕಬಹುದು. ನೋಡಿದ ಡೈರೆಕ್ಟರಿಗಳ ಡಿವೈಸು ಮತ್ತು ಐನೋಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳದಿದ್ದರೆ, ಪರೀಕ್ಷಿತ ಕಡತಗಳ ಎಣಿಕೆ ಉತ್ಸಾಹದಿಂದ ಏರುತ್ತಿದ್ದರೂ ಪ್ರಗತಿ ಶೂನ್ಯ. ಬಿಟ್ಟುಹೋದ ಫೋಲ್ಡರುಗಳೆಷ್ಟೆಂದು ತಿಳಿಸದೆ “ಶೋಧ ಪೂರ್ಣವಾಯಿತು, ಏನೂ ದೊರೆಯಲಿಲ್ಲ” ಎನ್ನುವುದು ಈ ಕ್ಷೇತ್ರದ ಅತ್ಯಂತ ಹಾನಿಕರವಾದ ಅಸತ್ಯ. ಇಲ್ಲದ ಕಡತವೆಂದು ನಂಬಿದವನು ಅದನ್ನು ಹುಡುಕುವುದನ್ನೇ ಬಿಟ್ಟುಬಿಡುತ್ತಾನೆ.

ಕಾಯುವ ಕಾಲವನ್ನೇ ಇಲ್ಲವಾಗಿಸುವ ಪ್ರಯತ್ನಗಳೂ ಹಳೆಯವೇ. 1983ರಲ್ಲಿ ಜೇಮ್ಸ್ ವುಡ್ಸ್ ವಿವರಿಸಿದ, ಹೆಸರುಗಳನ್ನೆಲ್ಲ ಮೊದಲೇ ಸಂಗ್ರಹಿಸಿ ಒತ್ತಿ ಇಡುವ ಪದ್ಧತಿ ಲೊಕೇಟ್ ಎಂಬ ಆಜ್ಞೆಗೆ ಆಧಾರವಾಯಿತು. ಆಪಲ್ ಸಂಸ್ಥೆಯ ಸ್ಪಾಟ್‌ಲೈಟ್ 2005ರಲ್ಲಿ ಕಡತಗಳ ಒಳಗಿನ ಪದಗಳನ್ನೂ ಸೂಚಿಗೆ ಸೇರಿಸಿತು. ಎವೆರಿಥಿಂಗ್ ಎಂಬ ಪ್ರೋಗ್ರಾಮು ಎನ್‌ಟಿಎಫ್‌ಎಸ್ ವ್ಯವಸ್ಥೆಯ ಮಾಸ್ಟರ್ ಫೈಲ್ ಟೇಬಲನ್ನು ನೇರವಾಗಿ ಓದಿ, ಫೋಲ್ಡರುಗಳನ್ನು ಒಂದೊಂದಾಗಿ ಪ್ರವೇಶಿಸುವ ಶ್ರಮವನ್ನೇ ತಪ್ಪಿಸುತ್ತದೆ. ಆದರೆ ಅಂತಹ ಕೋಷ್ಟಕವನ್ನು ಹೊರಗಿನವರಿಗೆ ತೆರೆದಿಡದ ಜಾಲದ ಡಿಸ್ಕುಗಳಲ್ಲಿ ಎವೆರಿಥಿಂಗ್ ಕೂಡ ಫೋಲ್ಡರುಗಳನ್ನು ಒಂದೊಂದಾಗಿ ಸುತ್ತಿಯೇ ತನ್ನ ಸೂಚಿಯನ್ನು ಕಟ್ಟಬೇಕಾಗಿದೆ.